ಪ್ರಶಸ್ತಿ, ಶಾಪಾಶಯ ಮತ್ತು ನಡುವಿನ ಸಾಲುಗಳು: ವಿದ್ಯಾರ್ಥಿಗಳ ಸಂಶೋಧನಾ ಮಂಡನೆಗೆ ಪ್ರತಿಕ್ರಿಯಿಸುವ ಬಗೆ

ಸ್ನಾತಕೋತ್ತರ ವಿಭಾಗಗಳಲ್ಲಿ ವಿದ್ಯಾರ್ಥಿಗಳು ತಮ್ಮ ಕಿರುಸಂಶೋಧನೆಯನ್ನು ತರಗತಿಯ ಮುಂದೆ ಮಂಡಿಸುವ ಕ್ರಮ ಈಗ ಎಲ್ಲೆಡೆ ರೂಢಿಗೆ ಬಂದಿದೆ. ಮಂಡನೆ ಹೇಗಿರಬೇಕೆಂಬುದನ್ನು ನಮ್ಮ ಸಂಶೋಧನಾ ವಿಧಾನದ ಪುಸ್ತಕಗಳು ಸಾಕಷ್ಟು ಹೇಳುತ್ತವೆ. ಮಂಡನೆ ಮುಗಿದ ಮೇಲೆ ಅಧ್ಯಾಪಕರು ಆಡುವ ಮಾತು ಹೇಗಿರಬೇಕೆಂಬುದು ಮಾತ್ರ ಚರ್ಚೆಗೆ ಬಂದಿರುವುದು ಕಡಿಮೆ. 'ಉತ್ತಮ ಪ್ರಯತ್ನ, ಇನ್ನೂ ಆಳಕ್ಕೆ ಹೋಗಬೇಕು' ಎಂಬ ಒಂದು ವಾಕ್ಯದಲ್ಲಿ ಎಷ್ಟೋ ವರ್ಷಗಳಿಂದ ನಮ್ಮ ಪ್ರತಿಕ್ರಿಯೆ ಮುಗಿದುಹೋಗುತ್ತಿದೆ. ಯಾವ ಕಡೆಯಲ್ಲಿ ಆಳ, ಎಷ್ಟು ಆಳ ಎಂಬುದನ್ನು ವಿದ್ಯಾರ್ಥಿ ಊಹಿಸಿಕೊಳ್ಳಬೇಕು.

ಕನ್ನಡ ಮಾಧ್ಯಮದಲ್ಲಿ ಓದುವ ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಮಂಡನೆಗಳಿಗೆ ಕನ್ನಡ ಅಧ್ಯಾಪಕರನ್ನು ಭಾಷೆಯ ಕಾರಣಕ್ಕೆ ಕರೆಯುವುದುಂಟು. ನನ್ನನ್ನೂ ಹಾಗೆ ಕರೆದಿದ್ದಾರೆ. ಈಚಿನ ವರ್ಷಗಳಲ್ಲಿ ಈ ಮಂಡನೆಗಳಲ್ಲಿ ಮೇಲಿಂದ ಮೇಲೆ ಬರುವ ವಿಷಯವೆಂದರೆ ಚೀನಾದ 'ಬೆಲ್ಟ್ ಅಂಡ್ ರೋಡ್' ಉಪಕ್ರಮ ಹಾಗೂ ಅದಕ್ಕೆ ಪ್ರತಿಯಾಗಿ ಹುಟ್ಟಿದ ಇತರ ದೇಶಗಳ ಮೂಲಸೌಕರ್ಯ ಯೋಜನೆಗಳು. 'ಇದು ನಮ್ಮ ಕ್ಷೇತ್ರವಲ್ಲ' ಎಂದು ಕೈಚೆಲ್ಲಿ ಕಾಗುಣಿತವನ್ನಷ್ಟೇ ತಿದ್ದಿ ಬರುವುದು ಸುಲಭ. ಹಾಗೆ ಮಾಡಿ ನಾನು ಕಲಿತ ಪಾಠದಿಂದಲೇ ಪ್ರಸ್ತುತ ಲೇಖನವನ್ನು ಆರಂಭಿಸಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿನಿಯೊಬ್ಬರು ಶ್ರೀಲಂಕಾದ ಹಂಬಂತೋಟ ಬಂದರನ್ನು ಕುರಿತು ಮಂಡಿಸಿದರು. ಅವರ ಉಚ್ಚಾರದಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹದಿನೈದು ನಿಮಿಷವೂ 'ಅಂಬಂತೋಟ' ಎಂದೇ ಹೇಳಿದರು. ಮಂಡನೆ ಮುಗಿದೊಡನೆ ನಾನು ಆಡಿದ ಮೊದಲ ಮಾತು ಅದನ್ನು ಕುರಿತದ್ದು. ತರಗತಿ ನಕ್ಕಿತು. ಆಮೇಲೆ ಕೇಳಿದ ಎಲ್ಲ ಪ್ರಶ್ನೆಗಳಿಗೂ ಅವರ ಉತ್ತರ 'ಗೊತ್ತಿಲ್ಲ ಸರ್' ಎಂಬುದೊಂದೇ ಆಗಿತ್ತು. ಸಂಜೆ ಅಂಕ ಕೊಡಲು ಅವರ ಬರಹವನ್ನು ತೆರೆದಾಗ ನಡುವೆ ಎಲ್ಲೋ ಒಂದು ವಾಕ್ಯವಿತ್ತು: ಬಂದರನ್ನು ಬಿಟ್ಟುಕೊಟ್ಟು ಪಡೆದ ಹಣದಿಂದ ಬಂದರಿನ ಸಾಲ ತೀರಲಿಲ್ಲ. ಅಂದು ಅದೇ ಬಂದರನ್ನು ಪ್ರಸ್ತಾಪಿಸಿದ ಬೇರೆ ಯಾರೂ ಈ ಸಂಗತಿಯನ್ನು ಗಮನಿಸಿರಲಿಲ್ಲ. ಅದನ್ನು ಕುರಿತು ಒಂದು ಪ್ರಶ್ನೆ ಕೇಳಿದ್ದರೆ ಇಡೀ ಚರ್ಚೆಯ ದಿಕ್ಕು ಬೇರೆಯಾಗುತ್ತಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ಊರಿಗೆ ತಮಿಳಿನಲ್ಲಿರುವ ಹೆಸರು 'ಅಂಬಾಂತೋಟ್ಟೈ'. ಹಕಾರವಿಲ್ಲದ ಹೆಸರೂ ಆ ಊರಿನದೇ ಎಂಬುದು ಭಾಷೆಯ ಅಧ್ಯಾಪಕನಾದ ನನಗೆ ತಿಳಿದಿರಲಿಲ್ಲ.

ಮಂಡನೆಯ ವೇಳೆ ಉಚ್ಚಾರವನ್ನು ತಿದ್ದಬಾರದೇ ಎಂದರೆ, ತಿದ್ದಬಹುದು. ಆದರೆ ಅದು ಖಾಸಗಿಯಾಗಿ, ಕೊನೆಯಲ್ಲಿ, ಅರ್ಥ ಕೆಡುವ ಕಡೆಯಲ್ಲಿ ಮಾತ್ರ. ಅಲ್ಪಪ್ರಾಣ ಮಹಾಪ್ರಾಣಗಳ ಹೆಸರಿನಲ್ಲಿ ನಾವು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೆಂಬುದನ್ನು ಬೇರೆಯಾಗಿಯೇ ಬರೆಯಬೇಕು.

ಒಪ್ಪಂದವನ್ನು ಶಾಸನದಂತೆ ಓದುವುದು

ನಮ್ಮ ವಿಭಾಗಗಳಲ್ಲಿ ಶಾಸನ ಪಾಠ ಮಾಡುವವರಿಗೆ ದಾನಶಾಸನದ ರಚನೆ ಗೊತ್ತಿದೆ. ಮೊದಲಿಗೆ ಸ್ತುತಿ, ಆಮೇಲೆ ಅರಸನ ಪ್ರಶಸ್ತಿ, ಕೊನೆಯಲ್ಲಿ ದಾನಕ್ಕೆ ಅಳಿಪಿದವರನ್ನು ಕುರಿತ ಶಾಪಾಶಯ. ಇವೆರಡರ ನಡುವೆ ಕೆಲವೇ ಸಾಲುಗಳಲ್ಲಿ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಎಲ್ಲೆ ಯಾವುದು, ತೆರಿಗೆಯ ಷರತ್ತೇನು, ಸಾಕ್ಷಿ ಯಾರು ಎಂಬ ವಿವರ ಇರುತ್ತದೆ. ಇತಿಹಾಸಕಾರನಿಗೆ ಬೇಕಾದದ್ದು ಬಹುಪಾಲು ಇರುವುದು ಈ ನಡುವಿನ ಸಾಲುಗಳಲ್ಲಿ.

ವಿದ್ಯಾರ್ಥಿಗಳ ಮಂಡನೆಗಳನ್ನು ಕೇಳುತ್ತಾ ನನಗನ್ನಿಸಿದ್ದು, ಅವರು ಪ್ರಶಸ್ತಿಯನ್ನೂ ಶಾಪಾಶಯವನ್ನೂ ಓದಿ ನಡುವಿನ ಸಾಲುಗಳನ್ನು ಬಿಡುತ್ತಿದ್ದಾರೆ ಎಂದು. ಒಂದು ಗುಂಪು 'ಪರಸ್ಪರ ಲಾಭ', 'ಸಂಪರ್ಕ ಕ್ರಾಂತಿ' ಎಂಬ ಅಧಿಕೃತ ಮಾತುಗಳನ್ನು ಪುನರುಚ್ಚರಿಸುತ್ತದೆ. ಇನ್ನೊಂದು ಗುಂಪು 'ಸಾಲದ ಬಲೆ' ಎಂಬ ಒಂದು ಪದದಲ್ಲಿ ಎಲ್ಲವನ್ನೂ ಮುಗಿಸುತ್ತದೆ. ಈ ಎರಡನೆಯ ಗುಂಪಿನವರು ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ತಪ್ಪದೆ ಹೇಳುತ್ತಾರೆ, ಸಭೆ ತಲೆದೂಗುತ್ತದೆ, ಆಧಾರ ಕೇಳುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಕಂಠಪಾಠವಾದ ಪದ್ಯ ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿರುತ್ತದೆ.

ಇಲ್ಲಿ ಅಧ್ಯಾಪಕರು ವಿದ್ಯಾರ್ಥಿಯ ನಿಲುವನ್ನು ಒಪ್ಪಬೇಕಾಗಿಲ್ಲ, ಖಂಡಿಸಬೇಕಾಗಿಯೂ ಇಲ್ಲ. ನಡುವಿನ ಸಾಲುಗಳನ್ನು ಕುರಿತು ಕೇಳಿದರೆ ಸಾಕು. ಹಂಬಂತೋಟದ ಉದಾಹರಣೆಯನ್ನೇ ನೋಡಬಹುದು. ಷಿ ಜಿನ್‌ಪಿಂಗ್ ಅವರು ರೇಷ್ಮೆ ಮಾರ್ಗದ ಆರ್ಥಿಕ ಪಟ್ಟಿಯನ್ನು ಕಜಕಸ್ತಾನದ ಅಸ್ತಾನಾದಲ್ಲಿ ಘೋಷಿಸಿದ್ದು 2013ರ ಸೆಪ್ಟೆಂಬರಿನಲ್ಲಿ. ಸಮುದ್ರದ ರೇಷ್ಮೆ ಮಾರ್ಗವನ್ನು ಜಕಾರ್ತಾದಲ್ಲಿ ಘೋಷಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಬಂದರಿನ ಕೆಲಸ ಆರಂಭವಾದದ್ದು 2008ರಲ್ಲಿ, ಮೊದಲ ಹಂತದ ಉದ್ಘಾಟನೆ 2010ರಲ್ಲಿ. ಹಾಗಾದರೆ ಉಪಕ್ರಮ ಹುಟ್ಟುವುದಕ್ಕೆ ಮೊದಲೇ ಕಟ್ಟಿದ ಬಂದರನ್ನು ಅದರ ಉದಾಹರಣೆಯಾಗಿ ತೆಗೆದುಕೊಂಡದ್ದು ಹೇಗೆ? ಈ ಪ್ರಶ್ನೆಗೆ ಸಮರ್ಥವಾದ ಉತ್ತರ ಸಾಧ್ಯವಿದೆ. ಹಳೆಯ ಯೋಜನೆಗಳನ್ನು ಹೊಸ ಹೆಸರಿನಡಿ ತಂದುಕೊಂಡ ಕ್ರಮವೇ ಒಂದು ಅಧ್ಯಾಯವಾಗಬಲ್ಲದು. ವಿದ್ಯಾರ್ಥಿಯನ್ನು ಸೋಲಿಸದೆ ಅಧ್ಯಾಯವೊಂದನ್ನು ಕೊಟ್ಟು ಕಳಿಸುವ ಇಂಥ ಪ್ರಶ್ನೆಯನ್ನೇ ನಾನು ರಚನಾತ್ಮಕ ಪ್ರತಿಕ್ರಿಯೆ ಎಂದು ಕರೆಯುವುದು.

ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕ್ ಕೊಟ್ಟ ಸಾಲ 30.7 ಕೋಟಿ ಡಾಲರ್, ಬಡ್ಡಿ ಶೇಕಡಾ 6.3. 2017ರಲ್ಲಿ ಚೀನಾ ಮರ್ಚೆಂಟ್ಸ್ ಪೋರ್ಟ್ ಹೋಲ್ಡಿಂಗ್ಸ್ ಎಂಬ ಬೇರೊಂದು ಸಂಸ್ಥೆ 112 ಕೋಟಿ ಡಾಲರ್ ಕೊಟ್ಟು 99 ವರ್ಷಗಳ ಅವಧಿಗೆ ಬಂದರನ್ನು ನಡೆಸುವ ಹಕ್ಕು ಪಡೆಯಿತು. ಆ ಹಣ ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹಕ್ಕೆ ಸೇರಿತು. ಎಕ್ಸಿಮ್ ಬ್ಯಾಂಕಿನ ಸಾಲ ರದ್ದಾಗಲಿಲ್ಲ, ತೀರಿಸುವ ಹೊಣೆ ಶ್ರೀಲಂಕಾದ ಮೇಲೆಯೇ ಉಳಿಯಿತು. 'ಸಾಲ ತೀರಿಸಲಾಗದೆ ಬಂದರನ್ನು ಚೀನಾಕ್ಕೆ ಒಪ್ಪಿಸಿತು' ಎಂಬ ವಾಕ್ಯ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಈ ವಿವರಗಳನ್ನು ಇಟ್ಟುಕೊಂಡು ಆ ವಾಕ್ಯವನ್ನು ಹಾಗೆಯೇ ಉಳಿಸಿಕೊಳ್ಳುವುದು ಕಷ್ಟ. ಹಾಗೆಂದು ಚೀನಾದ ಸಾಲಗಳು ನಿರಪಾಯವೆಂದೂ ಅರ್ಥವಲ್ಲ. ಅಮೆರಿಕದ ಏಡ್‌ಡೇಟಾ ಮತ್ತಿತರ ಸಂಸ್ಥೆಗಳು 2021ರಲ್ಲಿ ಇಂಥ 100 ಸಾಲಪತ್ರಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವು ಅವುಗಳಲ್ಲಿನ ಗೌಪ್ಯತೆಯ ಷರತ್ತುಗಳನ್ನು ಎತ್ತಿತೋರಿಸಿದೆ. ಕೀನ್ಯಾ ಸರ್ಕಾರ ಮೊಂಬಾಸಾ–ನೈರೋಬಿ ರೈಲುಮಾರ್ಗದ ಸಾಲಪತ್ರಗಳಲ್ಲಿ ಕೆಲವನ್ನು 2022ರ ನವೆಂಬರಿನಲ್ಲಿ ಬಹಿರಂಗಪಡಿಸಿತು. ಆಕರಗಳು ಇವೆ. ಅವುಗಳತ್ತ ಬೆರಳು ತೋರಿಸುವುದು ನಮ್ಮ ಕೆಲಸ.

ಅಡವು, ಭೋಗ್ಯ, ಗುತ್ತಿಗೆ

ಕನ್ನಡ ಅಧ್ಯಾಪಕರು ಬೇರೆ ಯಾರಿಗಿಂತಲೂ ಹೆಚ್ಚು ನೆರವಾಗಬಲ್ಲ ಜಾಗ ಇದು. ಹಂಬಂತೋಟದ ವ್ಯವಹಾರವನ್ನು ವಿದ್ಯಾರ್ಥಿಗಳು 'ಅಡವಿಟ್ಟರು', 'ಮಾರಿದರು', 'ಗುತ್ತಿಗೆಗೆ ಕೊಟ್ಟರು', 'ಭೋಗ್ಯಕ್ಕೆ ಹಾಕಿದರು' ಎಂದು ಒಂದೇ ಮಂಡನೆಯಲ್ಲಿ ನಾಲ್ಕು ಬಗೆಯಾಗಿ ಹೇಳುತ್ತಾರೆ. ಇವು ಸಮಾನಾರ್ಥಕ ಪದಗಳಲ್ಲ. ಅಡವಿಟ್ಟ ವಸ್ತು ಸಾಲಕ್ಕೆ ಭದ್ರತೆ ಮಾತ್ರ. ಭೋಗ್ಯದಲ್ಲಿ ಹಣ ಕೊಟ್ಟವನು ಬಡ್ಡಿಯ ಬದಲಿಗೆ ಸ್ವತ್ತನ್ನು ಅನುಭವಿಸುತ್ತಾನೆ. ಅಸಲನ್ನು ಹಿಂದಿರುಗಿಸಿದಾಗ ಸ್ವತ್ತು ಒಡೆಯನಿಗೆ ಮರಳುತ್ತದೆ. ಗುತ್ತಿಗೆ ಎಂಬ ಪದಕ್ಕಂತೂ ಎರಡು ಅರ್ಥ: ಕಟ್ಟಡ ಕಟ್ಟಿಕೊಡುವ ಒಪ್ಪಂದವೂ ಗುತ್ತಿಗೆಯೇ, ಜಮೀನನ್ನು ಅವಧಿಗೆ ಪಡೆಯುವುದೂ ಗುತ್ತಿಗೆಯೇ. ಹಂಬಂತೋಟದಲ್ಲಿ ಬಂದರನ್ನು ಕಟ್ಟುವ ಗುತ್ತಿಗೆ ಪಡೆದ ಚೀನೀ ಕಂಪನಿಗಳು ಬೇರೆ, ಅವಧಿಗೆ ಪಡೆದ ಕಂಪನಿ ಬೇರೆ, ಸಾಲ ಕೊಟ್ಟ ಬ್ಯಾಂಕ್ ಬೇರೆ. ಕನ್ನಡದ ಒಂದು ಪದದೊಳಗೆ, 'ಚೀನಾ' ಎಂಬ ಒಂದು ಕರ್ತೃಪದದೊಳಗೆ ಇವೆಲ್ಲ ಕರಗಿಹೋಗುತ್ತವೆ.

ಒಮ್ಮೆ ನಾನು ತೀರ್ಪು ಕೊಡದೆ, 'ನಿಮ್ಮೂರಿನಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕಿದರೆ ಏನಾಗುತ್ತದೆ, ಹೇಳಿ' ಎಂದು ರೈತ ಕುಟುಂಬದ ವಿದ್ಯಾರ್ಥಿಯೊಬ್ಬರನ್ನು ಕೇಳಿದೆ. ಅವರು ಸರಾಗವಾಗಿ ವಿವರಿಸಿದರು. ವಿವರಿಸುತ್ತಲೇ ನಡುವೆ ನಿಂತು, 'ಹಾಗಾದರೆ ಇದು ಭೋಗ್ಯ ಅಲ್ಲ ಸರ್, 112 ಕೋಟಿ ವಾಪಸ್ ಕೊಟ್ಟರೆ ಬಂದರು ಬರುತ್ತದೆ ಅಂತ ಎಲ್ಲೂ ಇಲ್ಲವಲ್ಲ' ಎಂದರು. ಆ ತಿದ್ದುಪಡಿಯಲ್ಲಿ ನನ್ನ ಪಾಲು ಕೇವಲ ಒಂದು ಪ್ರಶ್ನೆ.

ಅಂಕಿಗಳ ಅನುವಾದವೂ ಇಂಥದೇ ತೊಡಕು. ಬಿಲಿಯನ್ ಎಂದರೆ ನೂರು ಕೋಟಿ, ಮಿಲಿಯನ್ ಎಂದರೆ ಹತ್ತು ಲಕ್ಷ. ಸ್ಲೈಡಿನಲ್ಲಿ '1.12 ಕೋಟಿ ಡಾಲರ್' ಎಂದಿದ್ದರೆ ವಾದ ನೂರು ಪಟ್ಟು ಕುಗ್ಗಿದಂತೆ. 2017ರ ಡಾಲರ್ ಮೊತ್ತವನ್ನು ಇಂದಿನ ದರದಲ್ಲಿ ರೂಪಾಯಿಗೆ ತಿರುಗಿಸುವುದೂ ಸಾಮಾನ್ಯ. ಶ್ರೀಲಂಕಾದ ವಿದೇಶಿ ಸಾಲದಲ್ಲಿ ಚೀನಾದ ಪಾಲು ಶೇಕಡಾ 10 ಎಂದು ಒಬ್ಬರು, 20 ಎಂದು ಇನ್ನೊಬ್ಬರು ಹೇಳಿದಾಗ ಒಬ್ಬರದು ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ. ಸರ್ಕಾರಿ ಉದ್ಯಮಗಳು ಪಡೆದ ಸಾಲವನ್ನು ಸೇರಿಸಿದರೋ ಬಿಟ್ಟರೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. 'ಈ ಅಂಕಿಯಲ್ಲಿ ಏನೇನು ಸೇರಿದೆ?' ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಹೆಸರಿನ ಬಗೆಗೂ ಒಂದು ಮಾತು. 'ಪಟ್ಟಿ ಮತ್ತು ರಸ್ತೆ' ಎಂದು ಅನುವಾದಿಸಿದವರೆಲ್ಲ ರಸ್ತೆ ಎಂದರೆ ನೆಲದ ಮೇಲಿನದು ಎಂದೇ ತಿಳಿಯುತ್ತಾರೆ. ವಾಸ್ತವವಾಗಿ ಈ ಯೋಜನೆಯಲ್ಲಿ 'ಪಟ್ಟಿ' ನೆಲದ ಮಾರ್ಗ, 'ರಸ್ತೆ' ಸಮುದ್ರದ ಮಾರ್ಗ. ಒಂದು ನಕಾಶೆಯನ್ನು ಇಡೀ ತಲೆಕೆಳಗಾಗಿ ವಿವರಿಸಿದ ಮಂಡನೆಯನ್ನು ನಾನು ಕೇಳಿದ್ದೇನೆ. ತಪ್ಪು ಆ ವಿದ್ಯಾರ್ಥಿಯದಲ್ಲ.

ಸಭೆಯ ಒತ್ತಡ

ಚೀನಾವನ್ನು ಕುರಿತ ಮಂಡನೆಗೆ ನಮ್ಮಲ್ಲಿ ಇನ್ನೊಂದು ಕಷ್ಟವಿದೆ. ವಿದ್ಯಾರ್ಥಿ ಕಟುವಾಗಿ ಮಾತನಾಡದಿದ್ದರೆ 'ದೇಶದ ನಿಲುವು ನಿಮಗೆ ಗೊತ್ತಿಲ್ಲವೇ?' ಎಂಬ ಆಕ್ಷೇಪ ಸಭೆಯಿಂದ ಏಳುತ್ತದೆ. ಆಗ ಪ್ರತಿಕ್ರಿಯೆ ನೀಡುವವರು ಸುಮ್ಮನಿರುವುದು ಸರಿಯಲ್ಲ. ದೇಶದ ನಿಲುವು ಒಂದು ದಾಖಲೆ. ಅದನ್ನು ಓದೋಣ ಎನ್ನಬೇಕು. 2017ರ ಮೇ 13ರಂದು, ಬೀಜಿಂಗ್ ಸಮಾವೇಶದ ಮುನ್ನಾದಿನ, ಭಾರತದ ವಿದೇಶಾಂಗ ಸಚಿವಾಲಯ ನೀಡಿದ ಹೇಳಿಕೆಯಲ್ಲಿ ಚೀನಾ–ಪಾಕಿಸ್ತಾನ ಆರ್ಥಿಕ ಕಾರಿಡಾರಿನಿಂದಾಗಿ ಸಾರ್ವಭೌಮತೆಯ ಪ್ರಶ್ನೆ ಇರುವುದು ಎಲ್ಲರಿಗೂ ನೆನಪಿದೆ. ಅದೇ ಹೇಳಿಕೆಯಲ್ಲಿ ಹೊರಲಾಗದ ಸಾಲದ ಹೊರೆ, ಪರಿಸರದ ಸಮತೋಲನ, ವೆಚ್ಚದ ಪಾರದರ್ಶಕ ಅಂದಾಜು, ಸ್ಥಳೀಯರಿಗೆ ಕೌಶಲ ಮತ್ತು ತಂತ್ರಜ್ಞಾನದ ವರ್ಗಾವಣೆ ಕುರಿತ ಮಾತುಗಳೂ ಇವೆ. ಇವು ಯಾವುದೇ ಮೂಲಸೌಕರ್ಯ ಯೋಜನೆಯನ್ನು ಅಳೆಯಲು ಬರುವ ಮಾನದಂಡಗಳು. ಐರೋಪ್ಯ ಒಕ್ಕೂಟ 2021ರಲ್ಲಿ ಘೋಷಿಸಿದ 'ಗ್ಲೋಬಲ್ ಗೇಟ್‌ವೇ', 2023ರ ದೆಹಲಿಯ ಜಿ-20 ಶೃಂಗಸಭೆಯಲ್ಲಿ ಘೋಷಿತವಾದ ಭಾರತ–ಮಧ್ಯಪ್ರಾಚ್ಯ–ಯುರೋಪ್ ಕಾರಿಡಾರ್ ಇವುಗಳನ್ನೂ ಅದೇ ಅಳತೆಗೆ ಒಡ್ಡುವಂತೆ ವಿದ್ಯಾರ್ಥಿಗೆ ಸೂಚಿಸಬಹುದು.

'ಭಾರತ ಈ ಉಪಕ್ರಮದಿಂದ ಹೊರಗಿದೆ, ಆದ್ದರಿಂದ ಬೀಜಿಂಗ್‌ನಿಂದ ನಮಗೆ ಹಣ ಬರುವುದಿಲ್ಲ' ಎಂದು ಇನ್ನೊಬ್ಬ ವಿದ್ಯಾರ್ಥಿ ಹೇಳಿದಾಗ ನಾನು ಬೆಂಗಳೂರಿನ ಮೆಟ್ರೋವನ್ನು ನೆನಪಿಸಿದೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಮಾರ್ಗಕ್ಕೆ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ 2017ರ ಡಿಸೆಂಬರಿನಲ್ಲಿ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಐರೋಪ್ಯ ಹೂಡಿಕೆ ಬ್ಯಾಂಕೂ ಸಾಲ ಕೊಟ್ಟಿದೆ. ಮೊದಲನೆಯ ಬ್ಯಾಂಕಿನ ಕೇಂದ್ರ ಕಚೇರಿ ಬೀಜಿಂಗ್, ಅತಿ ದೊಡ್ಡ ಪಾಲುದಾರ ಚೀನಾ, ಎರಡನೆಯದು ಭಾರತ. ಅದು ಬಹುರಾಷ್ಟ್ರಗಳ ಬ್ಯಾಂಕೇ ಹೊರತು ಉಪಕ್ರಮದ ಅಂಗವಲ್ಲ. ಆ ವ್ಯತ್ಯಾಸವನ್ನು ವಿದ್ಯಾರ್ಥಿ ತಾನೇ ಹುಡುಕಿ ಮುಂದಿನ ವಾರ ಬಂದು ಹೇಳಲಿ ಎಂದು ನಾನು ಅಂದು ಉತ್ತರ ಕೊಡಲಿಲ್ಲ. ಅವರು ತಂದ ಉತ್ತರ ನನ್ನದಕ್ಕಿಂತ ಪೂರ್ಣವಾಗಿತ್ತು.

ಈಗ ನಾನು ಅನುಸರಿಸುತ್ತಿರುವ ಕ್ರಮ ಬಹಳ ಸರಳವಾದದ್ದು. ಮಂಡನೆ ಮುಗಿದೊಡನೆ, 'ನಿಮ್ಮ ವಾದ ಇದು ಎಂದು ನಾನು ಗ್ರಹಿಸಿದೆ, ಸರಿಯೇ?' ಎಂದು ಎರಡು ವಾಕ್ಯಗಳಲ್ಲಿ ಹೇಳುತ್ತೇನೆ. ಅರ್ಧಕ್ಕರ್ಧ ಸಲ ವಿದ್ಯಾರ್ಥಿ ನನ್ನನ್ನು ತಿದ್ದುತ್ತಾರೆ, ತಿದ್ದುವಾಗ ಅವರ ವಾದವೇ ಸ್ಪಷ್ಟವಾಗುತ್ತದೆ. ತರಗತಿಯಲ್ಲಿ 'ನೀನು' ಎನ್ನುವ ವಿದ್ಯಾರ್ಥಿಯನ್ನೂ ಮಂಡನೆಯ ದಿನ 'ನೀವು' ಎನ್ನುತ್ತೇನೆ. ಸಭೆಯಲ್ಲಿ ಒಂದೇ ಪ್ರಶ್ನೆ, ಎರಡು ವಾರದಲ್ಲಿ ಉತ್ತರ ಹುಡುಕಬಹುದಾದಂಥದು. ಉಳಿದದ್ದೆಲ್ಲ ಬರಹದಲ್ಲಿ, ಸ್ಲೈಡಿನ ಸಂಖ್ಯೆ ಸಹಿತ: '7ನೆಯ ಸ್ಲೈಡು: ಇಟಲಿ ಸದಸ್ಯ ರಾಷ್ಟ್ರ ಎಂದಿದೆ. 2019ರಲ್ಲಿ ಸೇರಿದ್ದು ನಿಜ, 2023ರ ಡಿಸೆಂಬರಿನಲ್ಲಿ ಹೊರಬಂದಿದೆ. ನಿಮ್ಮ ಆಕರದ ವರ್ಷ ನೋಡಿ.' ಇದನ್ನು ಸಭೆಯಲ್ಲಿ ಕೂಗಿ ಹೇಳಿದರೆ ಅವಮಾನ, ಚೀಟಿಯಲ್ಲಿ ಬರೆದರೆ ಕೆಲಸಕ್ಕೆ ಬರುವ ಮಾಹಿತಿ.

ಒಂದು ದಿನಕ್ಕೆ ಇಪ್ಪತ್ತು ಮಂಡನೆ ಇಟ್ಟುಕೊಂಡರೆ ಇದು ಆಗದ ಮಾತು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದು ನಿಜ. ದಿನಕ್ಕೆ ಆರಕ್ಕಿಂತ ಹೆಚ್ಚು ಬೇಡವೆಂದು ಕೇಳಿಕೊಂಡಿದ್ದೇನೆ. ಕೆಲವೆಡೆ ಒಪ್ಪಿದ್ದಾರೆ, ಕೆಲವೆಡೆ ವೇಳಾಪಟ್ಟಿಯನ್ನು ತೋರಿಸಿದ್ದಾರೆ. ಹಕಾರ ತಪ್ಪಿದ ಆ ವಿದ್ಯಾರ್ಥಿನಿಗೆ ಚೀಟಿ ಬರೆದು ಕೊಡುವ ಅವಕಾಶ ನನಗೆ ಸಿಗಲಿಲ್ಲ. ಮರುವಾರ ವಿಚಾರಿಸಿದಾಗ ಪರೀಕ್ಷೆಗೆ ಓದಲು ಊರಿಗೆ ಹೋಗಿದ್ದಾರೆಂದು ತಿಳಿಯಿತು. ಅವರ ಬರಹದ ಅಂಚಿನಲ್ಲಿ, ಆ ವಾಕ್ಯದ ಎದುರಿಗೆ, 'ಇದೇ ನಿಮ್ಮ ಪ್ರಬಂಧ' ಎಂದು ಬರೆದು ವಿಭಾಗದಲ್ಲಿ ಕೊಟ್ಟು ಬಂದೆ.