ಡಾಂಬರು ಅನಿಲವಾಗುವ ಬಗೆ: ಪದ ಮತ್ತು ಪದಾರ್ಥ

ವಿಜ್ಞಾನದ ಗದ್ಯವನ್ನು ಕನ್ನಡಕ್ಕೆ ತರುವ ಐಚ್ಛಿಕ ಕನ್ನಡದ ವಿದ್ಯಾರ್ಥಿ ಎಡವುವುದು ಅಪರಿಚಿತ ಪದಗಳಲ್ಲಿ ಅಲ್ಲ, ಪರಿಚಿತ ಪದಗಳಲ್ಲಿ. ‘ಡಾಂಬರು’ ಅಂಥದೊಂದು ಪದ. ಸೊಲ್ಲಾಪುರ, ಅಕ್ಕಲಕೋಟ ಕಡೆಯ ಮರಾಠಿಗೂ ಕನ್ನಡಕ್ಕೂ ಇದು ಸಮಾನವಾದುದು. ಕೇಳಿದೊಡನೆ ರಸ್ತೆ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಇಂದು ರಸ್ತೆಗೆ ಹಾಕುವುದು ಕಚ್ಚಾ ತೈಲದ ಶೇಷವಾದ ಬಿಟುಮೆನ್. ಕಟ್ಟಿಗೆಯ ಡಾಂಬರು ಬೇರೆ. ಹಸಿ ತೊಗರಿಕಟ್ಟಿಗೆ ಉರಿಸಿದ ಒಲೆಯ ಮೇಲಣ ತಗಡಿಗೆ ಹತ್ತುವ ಕಂದುಗಪ್ಪು ಜಿಡ್ಡನ್ನು ನೆನೆದರೆ ಅದರ ಸ್ವರೂಪ ತಕ್ಕಮಟ್ಟಿಗೆ ತಿಳಿಯುತ್ತದೆ.

ಕಟ್ಟಿಗೆ, ಹೊಟ್ಟು, ಬೆಳೆಯ ಉಳಿಕೆಗಳನ್ನು ಸಾಕಷ್ಟು ಗಾಳಿ ಕೊಡದೆ ಕಾಯಿಸಿದರೆ ಅವು ಪೂರ್ತಿ ಉರಿಯದೆ ಅನಿಲವಾಗುತ್ತವೆ. ಇದೇ ಅನಿಲೀಕರಣ. ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಆ ಅನಿಲದ ಸಾರ. ಜೊತೆಗೆ ಬೆಂಜೀನಿಗಿಂತ ಭಾರವಾದ ಸಾವಯವ ಅಣುಗಳೂ ಹೊರಡುತ್ತವೆ. ಫೀನಾಲ್, ನ್ಯಾಫ್ತಲೀನ್ ಮೊದಲಾದ ಇವುಗಳ ಸಮೂಹಕ್ಕೆ ಡಾಂಬರೆಂದು ಹೆಸರು. ಬಿಸಿಯಿರುವಾಗ ಆವಿ, ತಣಿದೊಡನೆ ಅಂಟು. ಅದು ಕೊಳವೆಯನ್ನು ಕಟ್ಟುತ್ತದೆ, ಎಂಜಿನ್ನನ್ನು ನಿಲ್ಲಿಸುತ್ತದೆ. ನೀರಿನಿಂದ ತೊಳೆದರೆ ಅನಿಲ ಶುದ್ಧವಾಗುತ್ತದೆ, ನೀರು ಕೆಡುತ್ತದೆ. ಫೀನಾಲ್ ಬೆರೆತ ಆ ನೀರನ್ನು ಎಲ್ಲಿ ಬಿಡಬೇಕು? ಬರದ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮೇಲಾಗಿ, ಕಟ್ಟಿಗೆಯ ಶಕ್ತಿಯ ಒಂದು ಪಾಲು ಡಾಂಬರಿನಲ್ಲಿಯೇ ಉಳಿದಿರುತ್ತದೆ. ತೊಳೆದು ಚೆಲ್ಲುವುದಕ್ಕಿಂತ ಅದನ್ನು ಒಡೆದು ಅನಿಲವಾಗಿಸುವುದು ಲೇಸು.

ಬರಿಯ ಶಾಖದಿಂದ ಒಡೆಯಬೇಕಾದರೆ ಉಷ್ಣತೆ ಸುಮಾರು 1100 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆಗ ಮಸಿಯೂ ಹುಟ್ಟುತ್ತದೆ. ನೀರಾವಿಯೂ ತಕ್ಕ ಕ್ರಿಯಾವರ್ಧಕವೂ ಇದ್ದರೆ 800–900 ಡಿಗ್ರಿಯಲ್ಲಿಯೇ ಕೆಲಸ ಸಾಗುತ್ತದೆ. ನ್ಯಾಫ್ತಲೀನಿನ ಒಂದು ಅಣುವಿನಲ್ಲಿ 10 ಇಂಗಾಲದ, 8 ಹೈಡ್ರೋಜನ್ನಿನ ಪರಮಾಣುಗಳಿವೆ. ಅದು ನೀರಾವಿಯ 10 ಅಣುಗಳೊಡನೆ ಕೂಡಿದಾಗ ಕಾರ್ಬನ್ ಮೊನಾಕ್ಸೈಡಿನ 10 ಅಣುಗಳೂ ಹೈಡ್ರೋಜನ್ನಿನ 14 ಅಣುಗಳೂ ದೊರೆಯುತ್ತವೆ. ಆ 14ರಲ್ಲಿ 10 ಬಂದದ್ದು ನೀರಿನಿಂದ! ಆದರೆ ಈ ಕ್ರಿಯೆ ಶಾಖವನ್ನು ನುಂಗುತ್ತದೆ. ಹೊರಗಿನಿಂದ ಶಾಖ ಕೊಡುತ್ತಲೇ ಇರಬೇಕು. ಕ್ರಿಯಾವರ್ಧಕಗಳಿಗೂ ತಮ್ಮ ದೋಷಗಳುಂಟು. ಸುಟ್ಟ ಡೋಲೊಮೈಟ್ ಅಗ್ಗ, ಆದರೆ ಬೇಗ ಪುಡಿಯಾಗುತ್ತದೆ. ನಿಕಲ್ ಚುರುಕು, ಆದರೆ ಗಂಧಕ ತಾಗಿದರೆ ಮಂಕಾಗುತ್ತದೆ, ಇಂಗಾಲದ ಪದರ ಕವಿದರೂ ಅಷ್ಟೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ತೆರೆದ ಬಾಯಿಯ ಅನಿಲೀಕರಣ ಘಟಕದ ಉಪಾಯ ಸರಳ. ಗಾಳಿ ಮೇಲಿನಿಂದಲೂ ಪಕ್ಕದಿಂದಲೂ ಒಳಬರುತ್ತದೆ. ಆವಿಯೆಲ್ಲ ಕೆಂಡದಂತೆ ಕಾದ ಇದ್ದಿಲಿನ ನಡುವೆ ಹಾದು ಕೆಳಗಿಳಿಯುತ್ತದೆ. ಆ ಹಾದಿಯಲ್ಲಿಯೇ ಡಾಂಬರಿನ ಬಹುಪಾಲು ಒಡೆಯುತ್ತದೆ, ಉಳಿದ ಅಲ್ಪಾಂಶವನ್ನು ಮಾತ್ರ ತೊಳೆದರಾಯಿತು. ಈ ಸಂಸ್ಥೆಯ ಪ್ರಯತ್ನದಿಂದ 1980ರ ದಶಕದ ಕೊನೆಗೆ ತುಮಕೂರು ಜಿಲ್ಲೆಯ ಹೊಸಹಳ್ಳಿಯ ಮನೆಗಳಿಗೆ ಕಟ್ಟಿಗೆಯ ಅನಿಲದಿಂದ ದೀಪ ಬಂದಿತು.

ಇನ್ನು ಪದಗಳ ಮಾತು. ನೀರಾವಿಯೊಡನೆ ನಡೆಯುವ ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ರಿಫಾರ್ಮಿಂಗ್’ ಎನ್ನುತ್ತಾರೆ. ನಿಘಂಟು ನೋಡಿ ‘ಸುಧಾರಣೆ’ ಎಂದು ಬರೆದವನು ರಸಾಯನಶಾಸ್ತ್ರವನ್ನು ಬಿಟ್ಟು ಸಮಾಜಶಾಸ್ತ್ರಕ್ಕೆ ಹೋದಂತೆ. ಅಣುವಿನ ಆಕಾರ ಕಳಚಿ ಹೊಸ ಜೋಡಣೆಯಾಗುವುದರಿಂದ ‘ಪುನಾರಚನೆ’ ಒಪ್ಪುತ್ತದೆ. ಶಾಖದಿಂದ ಒಡೆಯುವ ‘ಕ್ರ್ಯಾಕಿಂಗ್’ ಕ್ರಿಯೆಗೆ ‘ಭಂಜನ’ ಸಾಕು. ದೊಡ್ಡ ತಪ್ಪು ನಡೆಯುವುದು ‘ಸಿಂಥೆಸಿಸ್ ಗ್ಯಾಸ್’ ಎಂಬಲ್ಲಿ. ಅದನ್ನು ‘ಕೃತಕ ಅನಿಲ’ ಎಂದರೆ ಅರ್ಥವೇ ತಿರುವುಮುರುವಾಗುತ್ತದೆ. ಆ ಅನಿಲ ನಕಲಿಯೂ ಅಲ್ಲ, ಬದಲಿಯೂ ಅಲ್ಲ. ಮೆಥನಾಲ್, ಅಮೋನಿಯ, ದ್ರವ ಇಂಧನಗಳನ್ನು ಕಟ್ಟಲು ಬೇಕಾದ ಮೂಲದ್ರವ್ಯ. 1920ರ ದಶಕದಲ್ಲಿ ಜರ್ಮನಿಯ ಫಿಷರ್ ಮತ್ತು ಟ್ರಾಪ್ಶ್ ಇಂಥ ಅನಿಲದಿಂದಲೇ ದ್ರವ ಇಂಧನ ಪಡೆದರು. ಆದ್ದರಿಂದ ‘ಸಂಶ್ಲೇಷಣ ಅನಿಲ’ ಎಂಬುದೇ ಸರಿ. ‘ಡಾಂಬರು’ ಪದವನ್ನು ಬಿಡಬೇಕಾಗಿಲ್ಲ. ಮೊದಲ ಬಾರಿ ಬಂದಲ್ಲಿ ‘ಕಟ್ಟಿಗೆಯ ಡಾಂಬರು’ ಎಂದು ಬರೆದರೆ ಓದುಗ ರಸ್ತೆಯ ಕಡೆಗೆ ಹೋಗುವುದಿಲ್ಲ.