‘ಹಿಸ್ಟಾರಿಕ್’ ಮತ್ತು ‘ಹಿಸ್ಟಾರಿಕಲ್’

ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ನ್ನು ನಾನೊಮ್ಮೆ ಇಂಗ್ಲಿಷ್ ಪ್ರಬಂಧದಲ್ಲಿ ‘ಹಿಸ್ಟಾರಿಕಲ್’ ದಿನವೆಂದು ಬರೆದೆ. ಗುರುಗಳು ಕೆಂಪು ಗೆರೆ ಎಳೆದು, “ನಮ್ಮ ಸೀಮೆಯ ದೊಡ್ಡ ದಿನವನ್ನು ನೀನೇ ಸಣ್ಣದು ಮಾಡಿದೆಯಲ್ಲಪ್ಪ!” ಎಂದರು. ಅಂಕ ಹೋದುದಕ್ಕಿಂತ ಆ ಮಾತೇ ಹೆಚ್ಚು ನಾಟಿತು.

ತಪ್ಪಿಗೆ ಕಾರಣವುಂಟು. ಕನ್ನಡದಲ್ಲಿ ಎರಡಕ್ಕೂ ನಾವು ‘ಐತಿಹಾಸಿಕ’ ಎಂದುಬಿಡುತ್ತೇವೆ. ಆದರೆ ‘ಹಿಸ್ಟಾರಿಕಲ್’ ಎಂದರೆ ಇತಿಹಾಸಕ್ಕೆ ಸಂಬಂಧಿಸಿದ್ದು ಎಂದಷ್ಟೇ. ‘ಹಿಸ್ಟಾರಿಕ್’ ಎಂದರೆ ಇತಿಹಾಸದಲ್ಲಿ ಮಹತ್ವ ಪಡೆದದ್ದು, ಚರಿತ್ರಾರ್ಹವಾದದ್ದು.

ದೂರದ ಉದಾಹರಣೆ ಬೇಡ. ನಮ್ಮ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದುದು ‘ಹಿಸ್ಟಾರಿಕ್’ ಘಟನೆ. ಇದೇ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1863ರಲ್ಲಿ ಪ್ರಕಟಿಸಿದ ‘ತಾರಾ’ ಶಿವಾಜಿಯ ಕಾಲದ ಕಥೆ. ಅದು ‘ಹಿಸ್ಟಾರಿಕಲ್’ ಕಾದಂಬರಿ. ರಂಗಂಪೇಟೆಯ ಯಾವುದೋ ಮನೆಯ ಅಟ್ಟದಲ್ಲಿ 1858ರ ಎಣ್ಣೆಯಂಗಡಿಯ ಲೆಕ್ಕದ ಪುಸ್ತಕ ಸಿಕ್ಕಿತೆನ್ನಿ. ಅದು ‘ಹಿಸ್ಟಾರಿಕಲ್’ ದಾಖಲೆ, ಸಂಶೋಧಕರಿಗೆ ಬೇಕಾದದ್ದೇ. ಆದರೆ ಅಂದು ಎಣ್ಣೆ ಮಾರಿದ್ದು ‘ಹಿಸ್ಟಾರಿಕ್’ ಘಟನೆಯಾಗದು!

ಸಹಪಾಠಿಗಳೇ, ಬರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬರಿಯ ಹಿಂದಿನ ಕಾಲದ ಸಂಗತಿಯೋ, ಮುಂದಿನ ಕಾಲವನ್ನು ಬದಲಿಸಿದ್ದೋ? ಬದಲಿಸಿದ್ದಾದರೆ ಕೊನೆಯ ‘ಅಲ್’ ಬಿಡಿ. ಇಲ್ಲಿ ಚಿಕ್ಕ ಶಬ್ದಕ್ಕೇ ದೊಡ್ಡ ಅರ್ಥ.