ಕೌದಿ, ಕುಕ್ಕರ್ ಮತ್ತು ಮೈಕ್

ಗೋಡೆಗೆ ಫೋಮ್ ಅಂಟಿಸಿದರೆ ಪಕ್ಕದ ಮನೆಯ ಕುಕ್ಕರ್ ಕೂಗುವುದು ನಿಲ್ಲುವುದಿಲ್ಲ. ಮನೆಯಲ್ಲೇ ವಾಯ್ಸ್ ಓವರ್ ಮಾಡಲು ಹೊರಟವರು ಸಲಹೆ ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಅವರ ಮುಖ ಸಪ್ಪೆಯಾಗುತ್ತದೆ, ಅಷ್ಟರಲ್ಲಿ ಫೋಮ್ ಆರ್ಡರ್ ಮಾಡಿಯಾಗಿರುತ್ತದೆ. ಹೊರಗಿನ ಸದ್ದನ್ನು ತಡೆಯಲು ತೂಕ ಬೇಕು. ದಪ್ಪ ಗೋಡೆ, ಗಟ್ಟಿ ಬಾಗಿಲು, ಸಂದಿಯಿಲ್ಲದ ಕಿಟಕಿ ಬೇಕು. ಹಗುರವಾದ ಫೋಮ್ ಮಾಡುವ ಕೆಲಸವೇ ಬೇರೆ. ನಮ್ಮದೇ ದನಿ ಗೋಡೆಗೆ ಬಡಿದು ವಾಪಸ್ ಬರುವುದನ್ನು ಅದು ಸ್ವಲ್ಪ ಹೀರುತ್ತದೆ. ತೆಳುವಾದದ್ದಾದರೆ ಚುರುಕು ಸದ್ದನ್ನಷ್ಟೇ ಹೀರಿ, ದನಿಯ ಬುಡದ ಗುಂಯ್‌ಗುಟ್ಟುವಿಕೆಯನ್ನು ಹಾಗೇ ಬಿಟ್ಟುಬಿಡುತ್ತದೆ.

ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಈ ಒಳಗಿನ ಮಾರ್ದನಿಯೇ. ಟೈಲ್ಸ್ ನೆಲ, ಬೋಳು ಗೋಡೆ, ಮೇಲೆ ಆರ್‌ಸಿಸಿ. ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದಿನ ಹಿಂದೆ ಒಂದು ಬಾಲ ಕೇಳುತ್ತದೆ. ಆ ಬಾಲ ಮಾತಿಗೆ ಅಂಟಿಕೊಂಡರೆ ಬಿಡಿಸುವುದು ಫ್ಯಾನಿನ ಸದ್ದು ತೆಗೆಯುವುದಕ್ಕಿಂತ ಕಷ್ಟ. ಹಾಗಾಗಿ ನಾನು ಕೂರುವುದು ಹಾಸಿಗೆ, ಬಟ್ಟೆಬರೆ ತುಂಬಿದ ಸಣ್ಣ ಕೋಣೆಯಲ್ಲಿ. ಅಲ್ಲಿ ನನ್ನ ದೊಡ್ಡ ಆಸ್ತಿ ಎಂದರೆ ಅತ್ತೆ ಹುಬ್ಬಳ್ಳಿಯಿಂದ ಕೊಟ್ಟು ಕಳಿಸಿದ ಕೌದಿಗಳು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ ತೆಳು ಫೋಮಿಗಿಂತ ಎಷ್ಟೋ ಮೇಲು. ತೂಗುಹಾಕಲು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಸಾಕು. ಗೋಡೆಗೆ ಒತ್ತಿಕೊಂಡಂತೆ ಹಾಕದೆ ಒಂದು ಗೇಣು ಜಾಗ ಬಿಟ್ಟರೆ ಇನ್ನಷ್ಟು ಕೆಳಗಿನ ಸ್ವರವನ್ನೂ ಅದು ಹೀರುತ್ತದೆ. ಎಲ್ಲರೂ ಮೈಕಿನ ಹಿಂದೆ ಏನಾದರೂ ನಿಲ್ಲಿಸುತ್ತಾರೆ. ನಾನು ಮೊದಲ ಕೌದಿ ಹಾಕುವುದು ನನ್ನ ಬೆನ್ನ ಹಿಂದೆ. ಕಾರ್ಡಿಯಾಯ್ಡ್ ಮೈಕ್ ಹೆಚ್ಚಾಗಿ ಕೇಳಿಸಿಕೊಳ್ಳುವುದು ತನ್ನ ಎದುರಿನದನ್ನು. ಅದರ ಎದುರಿಗಿರುವುದು ನಾನು ಮತ್ತು ನನ್ನ ಹಿಂದಿನ ಗೋಡೆ. ಅದರ ಬೆನ್ನಿಗೆ ಸದ್ದು ತೀರಾ ಕಡಿಮೆ ಕೇಳುತ್ತದೆ, ಆದ್ದರಿಂದ ರಸ್ತೆ ಕಡೆಯ ಕಿಟಕಿಗೆ ಆ ಬೆನ್ನನ್ನು ತಿರುಗಿಸಿಡಬೇಕು.

ಮನೆಯಲ್ಲಿ ಕೂತು ಮಾಡಿದ್ದು ಎಂದರೆ ಮೂಗು ಮುರಿಯುವವರಿದ್ದಾರೆ. ನಮ್ಮ ನಾಡಿನ ಬಾನುಲಿ ಹುಟ್ಟಿದ್ದೇ ಮನೆಯಲ್ಲಿ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಆಕಾಶವಾಣಿಯನ್ನು ಶುರು ಮಾಡಿದ್ದು ತಮ್ಮ ‘ವಿಠಲ ವಿಹಾರ’ ಮನೆಯಿಂದ. ಅಂದಿನ ಮೈಸೂರಿನಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತಿರಲಿಲ್ಲ ಎಂಬುದೂ ನಿಜ.

ದುಬಾರಿ ಮೈಕಿಗಿಂತ ಹೆಚ್ಚು ಫಲ ಕೊಡುವುದು ಅಂತರ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಗೇನ್ ತಿರುಗಿಸಿದರೆ ಎರಡೂ ಒಟ್ಟಿಗೇ ಏರುತ್ತವೆ. ಆದರೆ ಹತ್ತಿರ ಹೋದಷ್ಟೂ ಪ, ಬ, ಭಗಳ ಗಾಳಿ ಮೈಕಿಗೆ ಗುದ್ದುತ್ತದೆ. ‘ಭಾರತ’ ಎಂದಾಗ ಹೆಡ್‌ಫೋನಿನಲ್ಲಿ ಧಡ್ ಎನ್ನುತ್ತದೆ. ಅದಕ್ಕೆ ಮಹಾಪ್ರಾಣವನ್ನೇ ಸಣ್ಣದು ಮಾಡಿ ಓದುವವರನ್ನು ಕಂಡಿದ್ದೇನೆ, ಕೇಳಲಾಗುವುದಿಲ್ಲ. ಪಾಪ್ ಫಿಲ್ಟರ್ ಇಟ್ಟು, ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಪಕ್ಕಕ್ಕೆ ಸರಿಸಿ ಬಾಯಿಯ ಕಡೆ ಓರೆಯಾಗಿ ತಿರುಗಿಸಿದರೆ ಗಾಳಿ ಆಚೆ ಹೋಗುತ್ತದೆ, ದನಿ ಉಳಿಯುತ್ತದೆ.

ಉಳಿದ ಸದ್ದುಗಳನ್ನು ಒಂದೊಂದಾಗಿ ಬೇಟೆಯಾಡಬೇಕು. ಫ್ಯಾನ್ ಆರಿಸಲೇಬೇಕು, ಬೇಸಿಗೆಯಲ್ಲಿ ಬೆವರಲೇಬೇಕು. ಫ್ರಿಜ್ ಆರಿಸುವಾಗ ಸ್ಕೂಟರ್ ಕೀಯನ್ನು ಅದರೊಳಗೇ ಇಟ್ಟರೆ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಸದ್ದೇ ಇಲ್ಲದ ಹೊತ್ತಲ್ಲೂ ಹಿಂದೆ ‘ಮ್‌ಮ್‌’ ಎಂದು ಕೇಳಿದರೆ ಅದು ಬಹುಮಟ್ಟಿಗೆ ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಜಾರವ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿದರೆ ಎಷ್ಟೋ ಸಲ ಅದು ಮಾಯವಾಗುತ್ತದೆ. ಕೆಳಮನೆಯವರ ಸಂಪಿನ ಮೋಟರಿಗೆ ಮಾತ್ರ ತಂತ್ರಜ್ಞಾನದಲ್ಲಿ ಪರಿಹಾರವಿಲ್ಲ. ಅವರ ಮನೆಯ ಆಂಟಿಯನ್ನು ಕೇಳಿ ನೀರು ಏರಿಸುವ ಹೊತ್ತು ತಿಳಿದುಕೊಂಡೆ, ಆಗ ನಾನು ಎಡಿಟಿಂಗ್ ಮಾಡುತ್ತೇನೆ.

ಇನ್ನು ಸಾಫ್ಟ್‌ವೇರ್. ನಾಯ್ಸ್ ಗೇಟ್ ಎಂಬುದನ್ನು ಕನ್ನಡ ಓದುವವರು ತುಂಬ ಅನುಮಾನದಿಂದ ನೋಡಬೇಕು. ದನಿ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅದು ಬಾಗಿಲು ಹಾಕುತ್ತದೆ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ದನಿ ಇಳಿಯುವುದೂ ಅಲ್ಲೇ. ಹೋದನೋ ಹೋದಳೋ ಎಂಬುದು ಕೊನೆಯ ಅಕ್ಷರದಲ್ಲಿದೆ. ‘ಶುಲ್ಕ ಕಟ್ಟಬೇಕಾಗಿಲ್ಲ’ ಎಂಬುದರಲ್ಲಿ ಮುಖ್ಯವಾದ ಇಲ್ಲವೇ ಕೊನೆಯಲ್ಲಿದೆ. ಗೇಟ್ ಅದನ್ನು ನುಂಗಿದರೆ ಜಾಹೀರಾತಿನ ಅರ್ಥವೇ ತಲೆಕೆಳಗು. ಹಾಗೆಂದು ಪ್ರತಿ ಕೊನೆಯನ್ನೂ ಎತ್ತಿ ಓದಿದರೆ ಬಸ್‌ಸ್ಟ್ಯಾಂಡಿನ ಪ್ರಕಟಣೆಯಾಗುತ್ತದೆ. ವಾಕ್ಯದ ಕೊನೆಯವರೆಗೆ ಉಸಿರು ಉಳಿಸಿಕೊಂಡು, ಸ್ವರ ಇಳಿದರೂ ಬಲ ಇಳಿಯದಂತೆ ಓದುವುದನ್ನು ನಾನು ಕಲಿತದ್ದು ಗೇಟ್ ಆರಿಸಿದ ಮೇಲೆಯೇ.

ನಾಯ್ಸ್ ರಿಡಕ್ಷನ್ ಬೇಕಾದರೆ ಹಗುರವಾಗಿ ಬಳಸಬಹುದು. ಅತಿಯಾದರೆ ದನಿ ನೀರಿನೊಳಗಿಂದ ಬಂದಂತಾಗಿ, ಸ-ಶಗಳ ಅಂಚು ಸವೆಯುತ್ತದೆ. ಆಡಿಯೊ ಪುಸ್ತಕಗಳ ಎಸಿಎಕ್ಸ್ ವೇದಿಕೆ ಮೌನದ ಹೊತ್ತಿನ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ದನಿಯ ಶಿಖರ ಮೈನಸ್ 3 ದಾಟಬಾರದು ಎನ್ನುತ್ತದೆ. ಯಾರಿಗೆ ಓದಿದರೂ ನಾನು ಇದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಕೌದಿ, ಅಂತರ, ಹೊತ್ತು ಸರಿಯಿದ್ದ ದಿನ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದರೆ ಮತ್ತೇನೂ ಬೇಕಾಗುವುದಿಲ್ಲ. ಉಸಿರನ್ನು ಜಾಹೀರಾತಿನಲ್ಲಿ ತೆಗೆಯುತ್ತೇನೆ, ಕಥೆಯಲ್ಲಿ ಬಿಡುತ್ತೇನೆ. ಉಸಿರೇ ಇಲ್ಲದ ಕಥೆಗಾರರನ್ನು ಕೇಳಿದರೆ ನನಗೇ ಉಸಿರುಗಟ್ಟುತ್ತದೆ.

ಇಷ್ಟರ ಮೇಲೂ ಕಾಡುವುದು ತಿದ್ದುಪಡಿ. ವಾರ ಕಳೆದು ‘ಒಂದೇ ಒಂದು ಸಾಲು ಬದಲಿಸಿ ಕೊಡಿ ಮೇಡಂ’ ಎಂದು ಫೋನ್ ಬರುತ್ತದೆ. ಹೊಸ ಸಾಲು ಹಳೆಯದರ ನಡುವೆ ತೇಪೆಯಂತೆ ಎದ್ದು ಕಾಣಬಾರದು. ಅದಕ್ಕೇ ಪ್ರತಿ ಸಲವೂ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನು ಮುದ್ರಿಸಿಡುತ್ತೇನೆ, ಗೇನಿನ ಅಂಕಿ ಬರೆದಿಡುತ್ತೇನೆ. ಕುರ್ಚಿಯ ಕಾಲು ಮತ್ತು ಸ್ಟ್ಯಾಂಡ್ ಇದ್ದ ಕಡೆ ನೆಲಕ್ಕೆ ಬಣ್ಣದ ಟೇಪು ಅಂಟಿಸಿರುತ್ತೇನೆ. ಮಗಳು ಅದನ್ನು ಕಿತ್ತು ತನ್ನ ಡ್ರಾಯಿಂಗ್ ಪುಸ್ತಕಕ್ಕೆ ಹಾಕಿಕೊಳ್ಳದಿದ್ದರೆ ಕೆಲಸ ಹತ್ತು ನಿಮಿಷದ್ದು.